ಗಣಾಚಾರವೂ ಸಂಧಾನವೂ

ಅಷ್ಟಾವರಣಗಳು ವೀರಶೈವನಿಗೆ ಅಂಗವಾದರೆ ಪಂಚಾಚಾರಗಳು ಪ್ರಾಣವೆಂಬುದು ಹಿರಿಯರ ಮತ. ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರವೆಂಬ ಈ ಐದರಲ್ಲಿ ಭಕ್ತಜನರ ಮನಸ್ಸಿಗೆ ಬಹು ಬೇಗನೆ ಹಿಡಿಸುವುದು ಗಣಾಚಾರ. ಬಹು ತಡವಾಗಿ ಒಗ್ಗುವುದು ಭೃತ್ಯಾಚಾರ. ಇದರ ಕಾರಣವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಶಿವನಿಂದೆಯನ್ನು ಕೇಳಲಾಗದು, ಅನ್ಯಾಯವನ್ನು ಕಂಡು ಸುಮ್ಮನಿರಲಾಗದು ಎಂಬ ಗಣಾಚಾರದ ನಿಯಮವು ಮನುಷ್ಯನ ಸಹಜವಾದ ಸಿಟ್ಟಿಗೆ ಒಂದು ಗೌರವದ ಉಡುಪನ್ನು ತೊಡಿಸುವುದು. ತಾನು ಎಲ್ಲರಿಗಿಂತಲೂ ಕಿರಿಯನು, ಶರಣರ ಮನೆಯ ಆಳು ಎಂಬ ಭೃತ್ಯಾಚಾರದ ಭಾವವಾದರೋ ಆ ಉಡುಪನ್ನು ಕಳಚುವುದು. ಆದುದರಿಂದಲೇ ಮನೆಯಲ್ಲಿ ಜಗಳವಾದಾಗ, ಬೀದಿಯಲ್ಲಿ ಕಲಹವೆದ್ದಾಗ, ಊರು ಎರಡು ಪಾಲಾದಾಗ ಎಲ್ಲರೂ ಗಣಾಚಾರಿಗಳೇ ಆಗಿರುವರು. ಭೃತ್ಯಾಚಾರಿಯು ಮಾತ್ರ ಎಲ್ಲಿಯೂ ಕಾಣಸಿಗುವುದಿಲ್ಲ.

ಶರಣಧರ್ಮದಲ್ಲಿ ಈ ಎರಡು ಆಚಾರಗಳೂ ಬೇರೆ ಬೇರೆ ಜನರಿಗೆ ಹಂಚಿಕೊಟ್ಟವುಗಳಲ್ಲ. ಒಬ್ಬನೇ ಭಕ್ತನು ಎರಡನ್ನೂ ಒಟ್ಟಿಗೆ ಹೊರಬೇಕು. ತಪ್ಪನ್ನು ತಪ್ಪೆಂದು ಹೇಳುವ ಧೈರ್ಯವು ಒಂದು ಕೈಯಾದರೆ, ಹೇಳುವಾಗ ಎದುರಿನವನ ಕಾಲ ಬುಡದಲ್ಲಿ ಕುಳಿತು ಹೇಳುವ ವಿನಯವು ಇನ್ನೊಂದು ಕೈ. ಈ ಎರಡು ಕೈಗಳೂ ಕೂಡಿದಲ್ಲಿ ಮಾತ್ರವೇ ಸಂಧಾನದ ಮಾತು ಹುಟ್ಟುವುದು.

ಅಲ್ಲಮಪ್ರಭುದೇವರು ಸೊನ್ನಲಿಗೆಗೆ ಬಂದ ಸಂದರ್ಭವನ್ನು ಶೂನ್ಯಸಂಪಾದನೆಯನ್ನು ಓದಿದವರೆಲ್ಲರೂ ಬಲ್ಲರು. ಸಿದ್ಧರಾಮನು ಕೆರೆ ತೋಡಿಸುವುದರಲ್ಲಿ, ಗುಡಿ ಕಟ್ಟಿಸುವುದರಲ್ಲಿ ಮುಳುಗಿದ್ದನು. ಸಹಸ್ರಾರು ಜನ ಕೆಲಸದಲ್ಲಿ ತೊಡಗಿದ್ದರು. ಪ್ರಭುದೇವರು ಬಂದವರೇ ಒಡ್ಡರಾಮನು ಎಲ್ಲಿರುವನೆಂದು ಕೇಳಿದರು. ತಮ್ಮ ಗುರುವನ್ನು ಮಣ್ಣು ಅಗೆಯುವವನೆಂದು ಕರೆದುದನ್ನು ಕೇಳಿ ಜನರು ಕಲ್ಲು ಬೀರಿದರು. ಕಲ್ಲು ಬೀರಿದ ಜನರಿಗೂ ತಾವು ಗಣಾಚಾರವನ್ನೇ ನಡೆಸುತ್ತಿರುವೆವೆಂಬ ನಂಬಿಕೆ ಇದ್ದಿತಲ್ಲವೆ? ಸಿದ್ಧರಾಮನೂ ಉರಿದೆದ್ದು ಬಂದನು. ಅಲ್ಲಿಂದ ಮುಂದೆ ನಡೆದುದು ಯುದ್ಧವಲ್ಲ, ಮಾತು. ಪ್ರಶ್ನೆಗೆ ಉತ್ತರ, ಉತ್ತರಕ್ಕೆ ಮರುಪ್ರಶ್ನೆ. ಕೊನೆಗೆ ಕಲ್ಲು ಬಿದ್ದ ಸ್ಥಳದಿಂದ ಇಬ್ಬರೂ ಕೂಡಿ ಕಲ್ಯಾಣದ ದಾರಿ ಹಿಡಿದರು.

ಕಲ್ಯಾಣದಲ್ಲಿ ಆದುದು ಇನ್ನೂ ಸೋಜಿಗದ ಸಂಗತಿ. ಪ್ರಭುದೇವರೂ ಸಿದ್ಧರಾಮನೂ ಮಹಾಮನೆಯ ಬಾಗಿಲಿಗೆ ಬಂದಾಗ ಬಸವಣ್ಣನವರು ಲಿಂಗಪೂಜೆಯಲ್ಲಿದ್ದರು. ಬರಮಾಡಿಕೊಳ್ಳಲು ಹಡಪದ ಅಪ್ಪಣ್ಣನನ್ನು ಕಳುಹಿಸಿದರು. ಪ್ರಭುದೇವರು ಒಳಗೆ ಬರಲೊಲ್ಲದೆ ಬಾಗಿಲಲ್ಲಿಯೇ ನಿಂತುಬಿಟ್ಟರು. ಬಾಗಿಲಿಗೆ ಬಂದ ಜಂಗಮವನ್ನು ನಿಲ್ಲಿಸಿ ಒಳಗೆ ಲಿಂಗವನ್ನು ಪೂಜಿಸುವುದು ಎಂತಹ ಪೂಜೆ ಎಂಬುದು ಅವರ ಆಕ್ಷೇಪಣೆಯ ಸಾರ. ಕಡೆಗೆ ಬಸವಣ್ಣನವರು ತಾವೇ ಎದ್ದು ಹೊರಗೆ ಬಂದು ತಮ್ಮ ತಪ್ಪನ್ನು ಒಪ್ಪಿಕೊಂಡು ಪಾದಕ್ಕೆರಗಿದರು. ಕಲಚುರಿ ಅರಸನ ಭಂಡಾರಿಯಾದವನು, ಅಸಂಖ್ಯಾತ ಗಣಂಗಳು ಅಣ್ಣನೆಂದು ಕರೆಯುತ್ತಿದ್ದವನು ಎಲ್ಲರೆದುರಿಗೆ ತಪ್ಪೊಪ್ಪಿದನು. ಪೂಜೆಯಲ್ಲಿದ್ದೆನೆಂಬ ಉತ್ತರ ಅವರ ಕೈಯಲ್ಲಿ ಸಿದ್ಧವಾಗಿಯೇ ಇದ್ದಿತು. ಲೋಕದ ಕಣ್ಣಿಗೆ ಅದು ಸಾಕಾದ ಉತ್ತರವೂ ಹೌದು. ಅದನ್ನು ಅವರು ಹಿಡಿದು ಕುಳಿತುಕೊಳ್ಳಲಿಲ್ಲ. ಶೂನ್ಯಸಿಂಹಾಸನದ ಕಥೆಯೆಲ್ಲವೂ ಆ ಹೊಸ್ತಿಲನ್ನು ದಾಟಿದ ಮೇಲೆಯೇ ನಡೆಯುವುದು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಪ್ರಭುದೇವರ ಮಾತು ಮೃದುವಾದುದಲ್ಲ. ಸಂಧಾನವೆಂದರೆ ಸಿಹಿಮಾತು, ಬೆನ್ನು ತಟ್ಟುವುದು, ಆದುದು ಆಯಿತೆಂದು ಹಾಲು ಸಕ್ಕರೆ ಹಂಚುವುದು ಎಂದು ಬಗೆದವರಿಗೆ ಈ ಪ್ರಸಂಗವು ಉತ್ತರ ಕೊಡುವುದು. ನೋವನ್ನು ಮುಚ್ಚಿದ ಸಂಧಾನವು ಕೀವಿನ ಮೇಲೆ ಬಟ್ಟೆ ಕಟ್ಟಿದಂತೆ.

ಬಟ್ಟೆ ಕಟ್ಟಿದ ಮಾತು ಬಂದುದರಿಂದ ಬೆಂಗಳೂರಿನ ಹಲಸೂರಿನಲ್ಲಿ ನಡೆದುದೊಂದನ್ನು ನೆನೆಯಬಹುದು. ಹಲಸೂರು ಕೆರೆಯ ಬಳಿಯಲ್ಲಿ ತಮಿಳಿನ ಸಂತಕವಿ ತಿರುವಳ್ಳುವರ ಪ್ರತಿಮೆಯೊಂದಿದೆ. ಬೆಂಗಳೂರು ತಮಿಳು ಸಂಘದ ಪ್ರಯತ್ನದಿಂದ ನಿಂತ ಈ ಪ್ರತಿಮೆಯು 1991ರಲ್ಲಿಯೇ ಅನಾವರಣವಾಗಬೇಕಾಗಿದ್ದಿತು. ಆಗಲಿಲ್ಲ. ಹದಿನೆಂಟು ವರ್ಷಗಳ ಕಾಲ ಅದು ಮುಸುಕಿನೊಳಗೆ ನಿಂತಿದ್ದಿತು.

ಆ ನೆರೆಹೊರೆಯ ಚರಿತ್ರೆಯನ್ನು ಸ್ವಲ್ಪ ತಿಳಿಯದೆ ಇದರ ಅರ್ಥವಾಗುವುದಿಲ್ಲ. 1809ರಲ್ಲಿ ಆಂಗ್ಲರು ಹಲಸೂರಿನ ಬಳಿ ದಂಡನ್ನು ಸ್ಥಾಪಿಸಿದರು. ಮದರಾಸಿನ ಸೈನ್ಯದೊಡನೆ ಬಂದ ತಮಿಳು ಮಾತಿನ ಸಿಪಾಯಿಗಳು, ಗುತ್ತಿಗೆದಾರರು, ವರ್ತಕರು, ಕೂಲಿಗಳು ಹಲಸೂರು, ಶಿವಾಜಿನಗರಗಳಲ್ಲಿ ನೆಲೆಯೂರಿದರು. ಉರ್ದು, ತೆಲುಗು ಮಾತಿನವರೂ ಬಂದರು. ಪೇಟೆಯು ಮೈಸೂರರಸರದು, ದಂಡು ಆಂಗ್ಲರದು. ನಡುವೆ ಕಬ್ಬನ್ ಉದ್ಯಾನ. 1947ರ ಜುಲೈಯಲ್ಲಿ ದಂಡು ಪ್ರದೇಶವು ಮೈಸೂರಿಗೆ ಮರಳಿ ಸೇರಿತು. 1949ರಲ್ಲಿ ಎರಡು ಊರುಗಳಿಗೂ ಒಂದೇ ನಗರಸಭೆಯಾಯಿತು. ಕಾಗದದಲ್ಲಿ ಊರುಗಳನ್ನು ಕೂಡಿಸುವುದು ಸುಲಭ. ಗೋಡೆಗೆ ಗೋಡೆ ಹತ್ತಿಕೊಂಡ ಮನೆಗಳಲ್ಲಿ ಒಂದು ಕಡೆ ಕನ್ನಡ, ಇನ್ನೊಂದು ಕಡೆ ತಮಿಳು. ಹಲಸೂರಿನ ಸೋಮೇಶ್ವರನಿಗೆ ಎರಡು ಮನೆಯವರದೂ ಕೈಮುಗಿತ. ಇವರು ಒಬ್ಬರಿಗೊಬ್ಬರು ಸಕ್ಕರೆ ಕೊಟ್ಟು ಕಾಫಿಪುಡಿ ಪಡೆದವರು, ಮದುವೆಗೆ ಚಪ್ಪರ ಹಾಕಿಕೊಟ್ಟವರು. ಆದರೆ ಮನಸ್ಸಿನೊಳಗೆ ಇದ್ದ ಅಸಮಾಧಾನವನ್ನು ಎದುರುಬದುರು ಕುಳಿತು ಆಡಿಕೊಂಡವರು ವಿರಳ.

1991ರ ಜೂನ್ 25ರಂದು ಕಾವೇರಿ ನ್ಯಾಯಮಂಡಲಿಯು ತಮಿಳುನಾಡಿಗೆ ವರ್ಷಕ್ಕೆ 205 ಟಿ.ಎಂ.ಸಿ. ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ಡಿಸೆಂಬರಿನಲ್ಲಿ ಅದು ರಾಜ್ಯಪತ್ರದಲ್ಲಿ ಪ್ರಕಟವಾದಾಗ ಬೆಂಗಳೂರು ಹೊತ್ತಿಕೊಂಡಿತು. ನದಿಯ ಲೆಕ್ಕದಲ್ಲಿ ಏನೂ ಕೈವಾಡವಿಲ್ಲದ ಬಡಜನರ ಮನೆಗಳಿಗೆ, ಅಂಗಡಿಗಳಿಗೆ ಬೆಂಕಿ ಬಿದ್ದಿತು, ಪ್ರಾಣಹಾನಿಯಾಯಿತು, ಸಹಸ್ರಾರು ತಮಿಳು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟವು. ಕನ್ನಡ ನಾಡಿನ ರೈತನಿಗೆ ಅನ್ಯಾಯವಾಯಿತೆಂಬ ಕೊರಗು ಸುಳ್ಳಾಗಿರಲಿಲ್ಲ. ಆದರೆ ಮಂಡ್ಯದ ಗದ್ದೆಯ ನೋವನ್ನು ಬೆಂಗಳೂರಿನ ಕೂಲಿಕಾರನ ಗುಡಿಸಲಿನ ಮೇಲೆ ತೀರಿಸಿಕೊಂಡುದು ಯಾವ ಗಣಾಚಾರ? ಕೋಪವು ಹುಟ್ಟಿದ ಮನೆಯನ್ನೇ ಮೊದಲು ಸುಡುವುದೆಂಬ ಬಸವಣ್ಣನವರ ಎಚ್ಚರಿಕೆಯನ್ನು ನಿತ್ಯವೂ ಪಾರಾಯಣ ಮಾಡುವ ಮನೆಗಳು ಆ ಊರಿನಲ್ಲಿ ಕಡಿಮೆಯಾಗಿರಲಿಲ್ಲ.

ವೀರಶೈವರಿಗಂತೂ ಈ ವಿಷಯದಲ್ಲಿ ಒಂದು ವಿಶೇಷವಾದ ಹೊಣೆಯಿದೆ. ಬೆಳಗಿನ ಸ್ಮರಣೆಯಲ್ಲಿ ಅರುವತ್ತುಮೂವರು ಪುರಾತನರ ಹೆಸರು ಬರುವುದಷ್ಟೆ. ಆ ಪುರಾತನರು ಯಾರು? ತಮಿಳು ನಾಡಿನಲ್ಲಿ ನಾಯನ್ಮಾರರೆಂದು ಕರೆಯಿಸಿಕೊಂಡವರೇ ಅವರು. ಕಣ್ಣಪ್ಪನನ್ನು, ಸಿರಿಯಾಳನನ್ನು, ನಂಬಿಯಣ್ಣನನ್ನು ಹರಿಹರ ಮಹಾಕವಿಯು ರಗಳೆಗಳಲ್ಲಿ ಹಾಡಿ ಕನ್ನಡದ ಮನೆಮನೆಗೂ ತಂದನು. ಹಂಪೆಯ ವಿರೂಪಾಕ್ಷನ ಸನ್ನಿಧಿಯಲ್ಲಿ ಕುಳಿತು ಬರೆದ ಕವಿಗೆ ತಮಿಳು ಶರಣನು ಪರಕೀಯನೆಂದು ತೋರಲಿಲ್ಲ. ಪೂಜೆಯ ಮನೆಯಲ್ಲಿ ಪುರಾತನರನ್ನು ಹೊಗಳಿ, ಹೊರಬಂದು ಪಕ್ಕದ ಮನೆಯವನನ್ನು ಅವನ ಮಾತಿಗಾಗಿ ಜರಿಯುವವನ ಪೂಜೆ ಎಷ್ಟರಮಟ್ಟಿಗಿನದು?

ಮುಸುಕಿನೊಳಗಿದ್ದವನಾದರೂ ದಂಡನಾಯಕನಲ್ಲ, ಅರಸನಲ್ಲ. 1330 ದ್ವಿಪದಿಗಳ ತಿರುಕ್ಕುರಳನ್ನು ರಚಿಸಿದವನು. ಆ ಗ್ರಂಥದ 133 ಅಧಿಕಾರಗಳಲ್ಲಿ ಒಂದು ಹಿತವಾದ ಮಾತನ್ನು ಕುರಿತದ್ದು, ಇನ್ನೊಂದು ಸೈರಣೆಯನ್ನು ಕುರಿತದ್ದು. ಮಾತಿನ ಹದವನ್ನು ಕಲಿಸಿದವನ ಬಾಯಿಗೇ ಹದಿನೆಂಟು ವರ್ಷ ಬಟ್ಟೆ!

2009ರಲ್ಲಿ ಈ ಕಟ್ಟು ಬಿಚ್ಚಿತು. ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದ ಶ್ರೀ ಬಿ. ಎಸ್. ಯಡಿಯೂರಪ್ಪನವರೂ ತಮಿಳುನಾಡಿನ ಮುಖ್ಯಮಂತ್ರಿಗಳಾಗಿದ್ದ ಶ್ರೀ ಎಂ. ಕರುಣಾನಿಧಿಯವರೂ ಮಾತನಾಡಿಕೊಂಡರು. ಹಲಸೂರಿನಲ್ಲಿ ವಳ್ಳುವರು, ಚೆನ್ನೈಯಲ್ಲಿ ಸರ್ವಜ್ಞ ಎಂದು ತೀರ್ಮಾನವಾಯಿತು. ಆಗಸ್ಟ್ 9ರಂದು ಕರುಣಾನಿಧಿಯವರು ಹಲಸೂರಿಗೆ ಬಂದು ಪ್ರತಿಮೆಯನ್ನು ಅನಾವರಣಗೊಳಿಸಿದರು. ಆಗಸ್ಟ್ 13ರಂದು ಯಡಿಯೂರಪ್ಪನವರು ಚೆನ್ನೈಯ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆಯನ್ನು ಅನಾವರಣಗೊಳಿಸಿದರು. ವಿರೋಧವೂ ಇದ್ದಿತು, ಪೋಲೀಸರ ಕಾವಲೂ ಇದ್ದಿತು. ಇದರಲ್ಲಿ ರಾಜಕಾರಣದ ಲೆಕ್ಕವೇ ಇರಲಿಲ್ಲವೆಂದು ಯಾರೂ ಆಣೆ ಮಾಡಲಾರರು. ಹಾಗಿದ್ದರೂ ಹದಿನೆಂಟು ವರ್ಷ ಬಿಚ್ಚಲಾಗದ ಗಂಟು ನಾಲ್ಕು ದಿನಗಳಲ್ಲಿ ಬಿಚ್ಚಿದ ಬಗೆಯನ್ನು ಗಮನಿಸಬೇಕು. ಯಾರು ಸರಿ, ಯಾರು ತಪ್ಪು ಎಂಬ ತೀರ್ಪು ಅಲ್ಲಿ ಆಗಲಿಲ್ಲ. ಅವರ ಹಿರಿಯನನ್ನು ಇವರು ಗೌರವಿಸಿದರು, ಇವರ ಹಿರಿಯನನ್ನು ಅವರು ಗೌರವಿಸಿದರು. ಮುನಿದವರ ಬಾಗಿಲಿಗೆ ಇಬ್ಬರೂ ಹೋದರು.

ಆದರೆ ಇಷ್ಟಕ್ಕೇ ಎಲ್ಲವೂ ಮುಗಿಯಿತೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾಗುವುದು. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಮತ್ತೆ ಬಸ್ಸುಗಳು ಉರಿದವು. ದೊರೆಗಳು ದೊರೆಗಳೊಡನೆ ಆಡಿದ ಮಾತು ಗೋಡೆಗೆ ಗೋಡೆ ಹತ್ತಿದ ಮನೆಗಳಿಗೆ ಇಳಿದಿರಲಿಲ್ಲ. ಪ್ರತಿಮೆಯ ಮುಸುಕನ್ನು ಮುಖ್ಯಮಂತ್ರಿ ತೆಗೆಯಬಲ್ಲನು; ನೆರೆಮನೆಯವನ ಮನಸ್ಸಿನ ಮುಸುಕನ್ನು ನೆರೆಮನೆಯವನೇ ತೆಗೆಯಬೇಕು.

ಈ ಕೆಲಸವನ್ನು ಸದ್ದಿಲ್ಲದೆ ಪ್ರಯತ್ನಿಸಿದವರೂ ಇದ್ದಾರೆ. 2003ರಲ್ಲಿ, ಬರದಿಂದ ಎರಡು ರಾಜ್ಯಗಳೂ ಬೆಂದಿದ್ದ ಕಾಲದಲ್ಲಿ, ಮದರಾಸಿನ ಅಭಿವೃದ್ಧಿ ಅಧ್ಯಯನ ಸಂಸ್ಥೆಯು ಎರಡು ಕಡೆಯ ರೈತರನ್ನು ಒಂದೆಡೆ ಕೂಡಿಸಿತು. ಕಾವೇರಿ ಕುಟುಂಬವೆಂದು ಅವರು ತಮ್ಮನ್ನು ಕರೆದುಕೊಂಡರು. ಇಲ್ಲಿಯ ರೈತರು ತಂಜಾವೂರಿನ ಕಡೆಯ ಒಣಗಿದ ಗದ್ದೆಗಳನ್ನು ನೋಡಿ ಬಂದರು. ಅಲ್ಲಿಯ ರೈತರು ಇಲ್ಲಿಯ ಬರಿದಾದ ಜಲಾಶಯಗಳನ್ನು ಕಂಡರು. ನೀರಿನ ಹಂಚಿಕೆಯ ಸೂತ್ರವೊಂದನ್ನು ಅವರು ಒಪ್ಪಿ ತೀರ್ಮಾನಿಸಲಾಗಲಿಲ್ಲ. 2007ರಲ್ಲಿ ನ್ಯಾಯಮಂಡಲಿಯು, 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತೀರ್ಮಾನಿಸಬೇಕಾಯಿತು. ಆದರೆ ಒಣಗಿದ ಗದ್ದೆಯನ್ನು ಕಣ್ಣಾರೆ ಕಂಡವನು ಆ ಗದ್ದೆಯ ಒಡೆಯನನ್ನು ಕಳ್ಳನೆಂದು ಮತ್ತೆ ಅಷ್ಟು ಸುಲಭವಾಗಿ ಕರೆಯಲಾರನು. 2018ರ ತೀರ್ಪಿನಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದೇ 4.75 ಟಿ.ಎಂ.ಸಿ.ಯಷ್ಟು ಹೆಚ್ಚಿಗೆ ದೊರೆತಿದೆ. ಇಂದಿರಾನಗರದ ನಲ್ಲಿಯಲ್ಲಿ ಬರುವ ಆ ನೀರು ಕನ್ನಡದ ಬಿಂದಿಗೆಯನ್ನೂ ತಮಿಳಿನ ಕೊಡವನ್ನೂ ಒಂದೇ ಸಮನಾಗಿ ತುಂಬುವುದು.

ಲೋಕದ ಬೇರೆ ಕಡೆಗಳಲ್ಲಿಯೂ ಈ ವಿಚಾರವು ಬೆಳೆದುಬಂದಿದೆ. ಕೆನಡಾದ ಎಲ್ಮೈರಾ ಎಂಬ ಸಣ್ಣ ಊರಿನಲ್ಲಿ 1974ರಲ್ಲಿ ಇಬ್ಬರು ತರುಣರು ಕುಡಿದ ಮತ್ತಿನಲ್ಲಿ ಒಂದೇ ರಾತ್ರಿ 22 ಮಂದಿಯ ಆಸ್ತಿಯನ್ನು ಹಾಳುಮಾಡಿದರು. ಕೇವಲ ದಂಡ ವಿಧಿಸಿ ಬಿಡುವುದಕ್ಕೆ ಬದಲಾಗಿ, ಹಾನಿಗೊಳಗಾದವರ ಮನೆಗಳಿಗೆ ಇವರೇ ಹೋಗಿ ಎದುರು ನಿಂತು ತಪ್ಪೊಪ್ಪಿ ನಷ್ಟವನ್ನು ಕಟ್ಟಿಕೊಡಬೇಕೆಂದು ನ್ಯಾಯಾಧೀಶರು ಒಪ್ಪಿದರು. ಹುಡುಗರು ಬಾಗಿಲು ಬಾಗಿಲಿಗೆ ಹೋದರು. ಹೋದ ಮೇಲೆಯೇ ತಾವು ಒಡೆದುದು ಬರಿಯ ಗಾಜಲ್ಲವೆಂಬುದು ಅವರಿಗೆ ತಿಳಿಯಿತು. ನ್ಯೂಜಿಲೆಂಡಿನಲ್ಲಿ 1989ರ ಕಾಯಿದೆಯು, ಆ ನಾಡಿನ ಮೂಲನಿವಾಸಿಗಳಾದ ಮಾವೊರಿ ಜನರ ಕುಲಪದ್ಧತಿಯಿಂದ ಪ್ರೇರಣೆ ಪಡೆದು, ತಪ್ಪು ಮಾಡಿದ ಎಳೆಯರನ್ನೂ ನೊಂದವರನ್ನೂ ಎರಡು ಮನೆಯ ಹಿರಿಯರನ್ನೂ ಒಟ್ಟಿಗೆ ಕೂಡಿಸುವ ಏರ್ಪಾಡನ್ನು ಮಾಡಿತು. ಈ ಪಂಥದ ಪಂಡಿತರು ಕೇಳುವ ಪ್ರಶ್ನೆಗಳು ಬಹು ಸರಳ. ಯಾರಿಗೆ ನೋವಾಯಿತು? ಅವರಿಗೆ ಈಗ ಬೇಕಾದುದೇನು? ಅದನ್ನು ಒದಗಿಸುವ ಹೊಣೆ ಯಾರದು?

ಈ ಮೊದಲ ಪ್ರಶ್ನೆ ಕನ್ನಡಿಗರಿಗೆ ಹೊಸದಲ್ಲ. ಬಸವಣ್ಣನವರ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದರೆಂಬ ಸುದ್ದಿ ಬಂದಾಗ ಅವರು, ತಾಯಿಯನ್ನು ಅಗಲಿದ ಕರುಗಳು ಒರಲುತ್ತಿವೆ, ಅವನ್ನೂ ಅಲ್ಲಿಗೇ ಮುಟ್ಟಿಸಿರೆಂದು ಹೇಳಿದರೆಂಬ ಐತಿಹ್ಯವು ಮನೆಮಾತಾಗಿದೆ. ಇದನ್ನು ಅವರ ಔದಾರ್ಯದ ಕಥೆಯಾಗಿ ಹೇಳುವುದು ವಾಡಿಕೆ. ಆದರೆ ಕದ್ದವರು ಯಾರೆಂದು ಕೇಳುವುದಕ್ಕೆ ಮೊದಲು ನೊಂದವರು ಯಾರೆಂದು ಅವರು ಕೇಳಿದರೆಂಬುದೇ ಈ ಕಥೆಯ ತಿರುಳು.

ಗೃಹಸ್ಥನಿಗೆ ಇದರಿಂದ ಆಗಬೇಕಾದುದೇನು? ಅಣ್ಣತಮ್ಮಂದಿರಿಬ್ಬರು ತಂದೆಯ ಮನೆಯ ಪಾಲಿಗಾಗಿ ಮಾತು ಬಿಟ್ಟಿರುವರೆಂದಿಟ್ಟುಕೊಳ್ಳಬಹುದು. ಇಂತಹ ಮನೆಯಿಲ್ಲದ ಬೀದಿಯಿಲ್ಲ. ಅಣ್ಣನ ಕೈಯಲ್ಲಿ ಪತ್ರಗಳಿವೆ, ತಮ್ಮನ ಕೈಯಲ್ಲಿ ಸಾಕ್ಷಿಗಳಿದ್ದಾರೆ. ವಕೀಲರು ಬಲ್ಲದ್ದು ಇಷ್ಟೇ. ತಾಯಿಯ ಕಡೆಯ ಕಾಯಿಲೆಯಲ್ಲಿ ತಮ್ಮನು ಒಬ್ಬನೇ ರಾತ್ರಿಯೆಲ್ಲ ಎಚ್ಚರವಿದ್ದನು, ಅಣ್ಣನು ಒಂದು ದಿನವೂ ಆ ಮಾತನ್ನು ಎತ್ತಿ ಹೊಗಳಲಿಲ್ಲವೆಂಬುದು ಯಾವ ಪತ್ರದಲ್ಲಿಯೂ ಇರುವುದಿಲ್ಲ. ಜಗಳದ ಬೇರು ಇರುವುದು ಅಲ್ಲಿ. ತೀರ್ಪು ಬಂದು ಪಾಲು ಸಮನಾದರೂ ಆ ಬೇರು ಹಾಗೆಯೇ ಇರುವುದು. ಕೃಷ್ಣರಾಜಪುರದ ಸುತ್ತಿನ ಹೊಸ ಬಹುಮಹಡಿ ಮನೆಗಳಲ್ಲಿ 2024ರ ಬೇಸಿಗೆಯ ನೀರಿನ ಅಭಾವದಲ್ಲಿ ನೆರೆಯವರು ನೆರೆಯವರ ಬಕೀಟನ್ನು ಎಣಿಸಿದ ಕಾಲವನ್ನು ಅನೇಕರು ಮರೆತಿರಲಾರರು. ಟ್ಯಾಂಕರು ಬಂದು ನೀರು ತುಂಬಿತು, ಎಣಿಸಿದ ಅವಮಾನ ಉಳಿಯಿತು.

ಅಂತಹಲ್ಲಿ ಸಂಧಾನಕ್ಕೆ ಕೂಡಿಸುವವನು ಮೊದಲು ಎರಡು ಮನೆಗಳಿಗೂ ಪ್ರತ್ಯೇಕವಾಗಿ ಹೋಗಬೇಕು. ಹೋಗಿ ಹೇಳುವುದಕ್ಕಿಂತ ಹೆಚ್ಚಾಗಿ ಕೇಳಬೇಕು. ಎಲ್ಲರೂ ಬರಲು ಒಪ್ಪಿದ ಮೇಲೆಯೇ ಒಂದೆಡೆ ಕೂಡಿಸಬೇಕು. ಕುಳಿತಾಗ ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಬಾಯಿ ಹಾಕದಿರಬೇಕು. ಕೇಳಿದವನು ತಾನು ಕೇಳಿದುದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಿ, ಹೌದೋ ಅಲ್ಲವೋ ಎಂದು ನೊಂದವನನ್ನೇ ಕೇಳಬೇಕು. ಇದು ನೋಡಲು ಬಾಲಿಶವಾಗಿ ಕಾಣುವುದು. ಮಾಡಿ ನೋಡಿದವರಿಗೆ ಎಷ್ಟು ಕಠಿಣವೆಂಬುದು ತಿಳಿಯುವುದು. ಎದುರಿನವನ ನೋವನ್ನು ತನ್ನ ಬಾಯಿಂದ ಹೇಳುವಾಗ ನಾಲಗೆ ತಡವರಿಸುವುದು. ಭೃತ್ಯಾಚಾರವನ್ನು ಕಲಿಯಲು ಇದಕ್ಕಿಂತ ನೇರವಾದ ಸಾಧನೆ ಇರಲಾರದು.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ಊರಿನ ಪಂಚಾಯಿತಿ ಎಂಬ ಹೆಸರಿನಲ್ಲಿ ಉಳ್ಳವನ ಕಡೆ ವಾಲಿ, ಇಲ್ಲದವನ ಕೈಯಿಂದ ಕ್ಷಮೆ ಕೇಳಿಸಿದ ಪ್ರಸಂಗಗಳು ಎಷ್ಟೋ ಇವೆ. ಗಂಡನ ಹೊಡೆತ ತಿಂದು ಬಂದ ಹೆಣ್ಣುಮಗಳನ್ನು, ಹೊಂದಿಕೊಂಡು ಹೋಗಮ್ಮಾ ಎಂದು ಅದೇ ಮನೆಗೆ ಹಿಂದಿರುಗಿಸಿದ ಹಿರಿಯರೂ ಇದ್ದಾರೆ. ಇದನ್ನು ಸಂಧಾನವೆಂದು ಕರೆಯಬಾರದು. ಪ್ರಾಣಕ್ಕೆ ಅಪಾಯವಿರುವಲ್ಲಿ ಮೊದಲು ರಕ್ಷಣೆ, ಅನಂತರ ಕಾನೂನು. ಮಾತುಕತೆಯು ನೊಂದವಳು ತಾನಾಗಿ ಬೇಕೆಂದರೆ ಮಾತ್ರ. ಗಣಾಚಾರವು ನಿಜವಾಗಿ ಬೇಕಾಗುವುದು ಇಂತಹ ಸ್ಥಳದಲ್ಲಿ. ಬಲ್ಲಿದನ ಎದುರಿಗೆ ನಿಂತು ಇದು ತಪ್ಪು ಎಂದು ಹೇಳಲು ಹಿಂಜರಿದ ಹಿರಿಯನು, ಅಬಲೆಗೆ ಸೈರಣೆಯನ್ನು ಬೋಧಿಸುವ ಅಧಿಕಾರವನ್ನು ಕಳೆದುಕೊಂಡನು.

ಸರ್ಕಾರವೂ ನ್ಯಾಯಾಲಯಗಳೂ ಈ ದಿಕ್ಕಿನಲ್ಲಿ ಕೆಲವು ಹೆಜ್ಜೆಗಳನ್ನಿಟ್ಟಿವೆ. ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವು 2007ರ ಜನವರಿ 1ರಿಂದ ಕೆಲಸ ಮಾಡುತ್ತಿದೆ. ನ್ಯಾಯಾಲಯದಲ್ಲಿರುವ ವ್ಯಾಜ್ಯಗಳು, ಅದರಲ್ಲಿಯೂ ದಂಪತಿಗಳ ಮತ್ತು ದಾಯಾದಿಗಳ ವ್ಯಾಜ್ಯಗಳು, ಅಲ್ಲಿಗೆ ಹೋಗುವುವು. 2023ರ ಮಧ್ಯಸ್ಥಿಕೆ ಕಾಯಿದೆಯಲ್ಲಿ ನೆರೆಹೊರೆಯ ಶಾಂತಿಗೆ ಭಂಗ ತರುವ ವಿವಾದಗಳಿಗಾಗಿ ಸಮುದಾಯ ಮಧ್ಯಸ್ಥಿಕೆ ಎಂಬ ಒಂದು ಅಧ್ಯಾಯವೇ ಇದೆ. ಮೂವರು ಮಧ್ಯಸ್ಥರು ಕೂಡಿಸಿ ಕೇಳಬೇಕೆಂದೂ, ಅಲ್ಲಿ ಆದ ಒಪ್ಪಂದವನ್ನು ನ್ಯಾಯಾಲಯದ ಡಿಕ್ರಿಯಂತೆ ಬಲವಂತವಾಗಿ ಜಾರಿ ಮಾಡಲಾಗದೆಂದೂ ಅದರಲ್ಲಿ ಹೇಳಿದೆ. ಕೆಲವರಿಗೆ ಇದು ಆ ಅಧ್ಯಾಯದ ಕೊರತೆಯೆಂದು ತೋರಬಹುದು. ಶರಣರ ಕಣ್ಣಿನಿಂದ ನೋಡಿದರೆ ಅದು ಬೇರೆಯಾಗಿ ಕಾಣುವುದು. ಅಮೀನನ ಭಯವಿಲ್ಲದೆ, ಜಪ್ತಿಯ ಬೆದರಿಕೆಯಿಲ್ಲದೆ, ಕೊಟ್ಟ ಮಾತಿನ ಮೇಲೆಯೇ ನಿಲ್ಲಬೇಕಾದ ಒಪ್ಪಂದವದು. ನುಡಿದಂತೆ ನಡೆಯುವ ವ್ರತವನ್ನು ಹಿಡಿದವರಿಗೆ ಅಮೀನನ ಅವಶ್ಯಕತೆ ಏಕೆ?

ಹಲಸೂರಿನ ಕೆರೆಯ ಬಳಿ ವಳ್ಳುವರು ಈಗ ಮುಸುಕಿಲ್ಲದೆ ಕುಳಿತಿದ್ದಾರೆ, ಅಯನಾವರದಲ್ಲಿ ಸರ್ವಜ್ಞನಿದ್ದಾನೆ. ಎರಡು ಸಾಲಿನಲ್ಲಿ ಹೇಳಿ ಮುಗಿಸಿದವರು ಒಬ್ಬರು, ಮೂರು ಸಾಲಿನಲ್ಲಿ ಮುಗಿಸಿದವರು ಇನ್ನೊಬ್ಬರು. ಕೆರೆಯ ದಂಡೆಯಲ್ಲಿ ಸಂಜೆ ತಿರುಗಾಡಲು ಬರುವ ಭಕ್ತರಲ್ಲಿ, ಹತ್ತು ವರ್ಷಗಳಿಂದ ಮಾತು ಬಿಟ್ಟ ತಮ್ಮನ ಮನೆಯು ಅಲ್ಲಿಂದ ಎರಡೇ ಬೀದಿಗಳ ಆಚೆಗೆ ಇರುವವರೂ ಇರಬಹುದು. ಆ ಮನೆಯ ಬಾಗಿಲು ರಾತ್ರಿ ಒಂಬತ್ತರವರೆಗೆ ತೆರೆದಿರುವುದು.